ಊರಿನ ಪಾಲಿನ ಮರಳು

ಮರಳು ಊರಿನವರೇ ತರಬೇಕು ಎಂದರು. ಸಿಮೆಂಟು ಸಂಸ್ಥೆಯದು, ಇಟ್ಟಿಗೆ ಸಂಸ್ಥೆಯದು, ತಗಡು, ಬಾಗಿಲು, ಕಿಟಕಿ ಎಲ್ಲ ಸಂಸ್ಥೆಯದು. ಮರಳು, ಜಲ್ಲಿ, ನೀರು ಮಾತ್ರ ಊರಿನ ಪಾಲು. ಕೂಲಿ ಇಲ್ಲ. ಕೂಲಿ ಕೊಟ್ಟರೆ ಜನ ಕಟ್ಟಡವನ್ನು ತಮ್ಮದು ಅಂದುಕೊಳ್ಳುವುದಿಲ್ಲವಂತೆ. ಪುಕ್ಕಟೆ ಹೊತ್ತರೆ ತಮ್ಮದು ಎನ್ನುವ ಭಾವನೆ ಹುಟ್ಟುತ್ತದಂತೆ.

ನಮಲಿಮಾದ ಹೆಂಗಸರಲ್ಲಿ ಹುಟ್ಟಿದ್ದು ಕತ್ತುನೋವು.

ಗಂಡಸರು ಬರಲಿಲ್ಲ. ಇದ್ದವರು ಟೀ ತೋಟದ ಕೂಲಿಗೆ ಹೋಗುತ್ತಿದ್ದರು. ಹೆಂಗಸರು ಬೆಳಕು ಹರಿಯುತ್ತಲೇ ಹೊರಡುತ್ತಿದ್ದರು. ಸೊಂಟಕ್ಕೆ ಸುತ್ತುವ ಚಿಟೆಂಜೆ ಬಟ್ಟೆಯನ್ನು ಸಿಂಬಿ ಸುತ್ತಿ ತಲೆಗಿಟ್ಟು, ಅದರ ಮೇಲೆ ಬಕೆಟ್ಟು. ಹಳ್ಳಕ್ಕೆ ಇಳಿದು ಗುದ್ದಲಿಯಲ್ಲಿ ಮರಳು ಬಗೆದು ತುಂಬಿ, ಒಬ್ಬಳು ಇನ್ನೊಬ್ಬಳಿಗೆ ಎತ್ತಿಕೊಟ್ಟು, ಏರು ಹತ್ತಿ, ಶಾಲೆಯ ಪಕ್ಕದ ಬಯಲಿಗೆ ತಂದು ಸುರಿಯಬೇಕು. ಒದ್ದೆ ಮರಳಿನ ನೀರು ಬಕೆಟ್ಟಿನ ಬಿರುಕಿನಿಂದ ಸೋರಿ ಹಣೆಗೆ, ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರುತ್ತಿರಲಿಲ್ಲ. ಮುಟ್ಟಾದವಳೂ ಹೊತ್ತಳು. ಬಸುರಿಯೂ ಹೊತ್ತಳು.

"ಇನ್ನೊಂದು ಬಕೆಟ್ ಭಾವನೆ ಎತ್ಕೊಡೇ ಎಸ್ನಾಟಿ" ಎನ್ನುತ್ತಿದ್ದಳು ಫಲೆಸಿ ಅಜ್ಜಿ. "ನಿನ್ನೆ ಹೊತ್ತಿದ್ದು ಇನ್ನೂ ಒಳಗೆ ಹುಟ್ಟಿಲ್ಲ ಕಣವ್ವ, ಬರೀ ಬೆನ್ನಾಗೇ ನಿಂತೈತೆ."

ಹೆಂಗಸರು ನಗುತ್ತಿದ್ದರು. ನಗುವಾಗ ಬಕೆಟ್ಟು ಅಲುಗಿ ಇನ್ನಷ್ಟು ನೀರು ಕಣ್ಣಿಗಿಳಿಯುತ್ತಿತ್ತು.

ನಾಸಿಬೆಕೊ ನಗುತ್ತಿರಲಿಲ್ಲ. ಅವಳನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಕಡಿಮೆ. ಅಲಿನಾಫೆಯ ಅವ್ವ ಎಂದೇ ಕರೆಯುತ್ತಿದ್ದರು. ಅಲಿನಾಫೆ ಇರಲಿಲ್ಲ. ಕರೆಯುವುದು ನಿಂತಿರಲಿಲ್ಲ.

ಅವರು ಮರಳು ಬಗೆಯುತ್ತಿದ್ದ ಹಳ್ಳ ಮೊದಲು ಹಳ್ಳವಾಗಿರಲಿಲ್ಲ. ಅದು ಊರಾಗಿತ್ತು.

ಮೂರು ವರ್ಷದ ಕೆಳಗೆ ಚಂಡಮಾರುತದ ಮಳೆ ಬಿಡದೆ ಹೊಡೆಯಿತು. ಮುಲಂಜೆ ಬೆಟ್ಟದ ಒಂದು ಮಗ್ಗುಲೇ ಕಳಚಿ, ಬಂಡೆ, ಮರ, ಕೆಸರು ಒಟ್ಟಿಗೆ ಇಳಿದು ಬಂದವು. ಬೆಟ್ಟದೊಳಗೆ ಮಲಗಿದ್ದ ಹಾವು ಎದ್ದು ನೀರಿನ ಕಡೆ ಹೊರಟಿತು ಎಂದು ಹಳಬರು ಹೇಳುತ್ತಾರೆ. ಹಾವೋ ಮಳೆಯೋ, ಅದು ಹರಿದ ದಾರಿಯಲ್ಲಿ ನಾಸಿಬೆಕೊಳ ಮನೆಯಿತ್ತು. ಅವಳು ಮೇಲಿನ ದಿಣ್ಣೆಯಲ್ಲಿ ಕಟ್ಟಿದ್ದ ಮೇಕೆಗಳನ್ನು ಬಿಚ್ಚಿ ತರಲು ಹೋಗಿದ್ದಳು. ಸದ್ದು ಕೇಳಿ ತಿರುಗಿ ನೋಡಿದಾಗ ಮನೆ ಇರಲಿಲ್ಲ. ಮನೆಯ ಜಾಗವೂ ಇರಲಿಲ್ಲ. ಗಂಡ ಲೆಮಿಸನ್ನನ ಹೆಣ ಕೆಳಗಿನ ಊರಿನ ಮಾವಿನ ಮರದ ಕವಲಿನಲ್ಲಿ ಸಿಕ್ಕಿತು. ಮಗಳು ಸಿಗಲಿಲ್ಲ.

ಸಿಗದವರು ಬಹಳ ಜನ. ಕೆಸರು ಒಣಗಿ ಕಲ್ಲಾಯಿತು. ಆಮೇಲಿನ ಮಳೆಗಳು ಅದನ್ನು ಸೀಳಿ ಹೊಸ ಹಳ್ಳ ಮಾಡಿದವು. ಹಳ್ಳದ ತುಂಬ ಒಳ್ಳೆಯ ಮರಳು ಬಿತ್ತು.

ಮೊದಮೊದಲು ಯಾರೂ ಬಂದಿರಲಿಲ್ಲ. ರಸ್ತೆ ಇರಲಿಲ್ಲ, ಸೇತುವೆ ಇರಲಿಲ್ಲ. ಹೆಂಗಸರೇ ಗುದ್ದಲಿ ಹಿಡಿದು ಕೆಸರು ಬಗೆದರು. ಗುದ್ದಲಿಗೆ ಮೆತ್ತಗಿನದೇನಾದರೂ ತಾಕಿದರೆ ಕೈಯಲ್ಲಿ ತೆಗೆದರು. ತೊಳೆದರು, ಸುತ್ತಿದರು, ಹೂತರು. ಉಳಿದ ಮಕ್ಕಳು ಅಲ್ಲಲ್ಲಿ ಕೂತು ಹಸಿದು ಅಳುತ್ತಿದ್ದವು. ಯಾರ ಮಗು ಯಾರದೋ ಗೊತ್ತಿರಲಿಲ್ಲ. ಫಲೆಸಿ ಅಜ್ಜಿ ತನ್ನ ದೊಡ್ಡ ಮಡಕೆಯನ್ನು ಹೊತ್ತು ತಂದು ಶಾಲೆಯ ಬಯಲಿನಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ತೊಯ್ದು ಮುಗ್ಗಿದ ಜೋಳವನ್ನು ಒಣಗಿಸಿ ಕುಟ್ಟಿ ಅಂಬಲಿ ಕಾಯಿಸಿದಳು. ಅಲ್ಲಿಂದ ಶುರುವಾಯಿತು ಹೆಂಗಸರ ಸಂಘ. ತಿಥಂಡಿಝಾನೆ ಎಂದು ಹೆಸರಿಟ್ಟರು, ಒಬ್ಬರಿಗೊಬ್ಬರು ಆಗೋಣ ಎಂದು. ತಬ್ಬಲಿ ಮಕ್ಕಳಿಗೆ ದಿನಕ್ಕೊಂದು ಹೊತ್ತಿನ ಅಂಬಲಿ. ತಲೆಗೂದಲು ತೆಗೆಯುವುದು, ಜ್ವರ ಬಂದರೆ ಆಸ್ಪತ್ರೆಗೆ ಹೊರುವುದು, ಶಾಲೆಗೆ ಓಡಿಸುವುದು. ಬೆಟ್ಟದ ಬುಡದಲ್ಲಿ ಹುಲ್ಲು, ಗಿಡ ನೆಟ್ಟು ಮಣ್ಣು ಹಿಡಿಸುವುದು. ಅಲಿನಾಫೆಯ ಅವ್ವ ಇದ್ದಬದ್ದವರ ಮಕ್ಕಳಿಗೆಲ್ಲ ಅವ್ವ ಆದಳು. ಹಾಗೆ ಆಗದಿದ್ದರೆ ಅವಳು ಸಾಯುತ್ತಿದ್ದಳು.

ಸಂಸ್ಥೆ ಆಮೇಲೆ ಬಂತು. ಬಿಳಿ ಕಾರುಗಳು, ಬಿಳಿ ಡೇರೆಗಳು. ಕಂಬಳಿ ಕೊಟ್ಟರು. ಮಕ್ಕಳ ಅಂಬಲಿಗೆ ತಿಂಗಳು ತಿಂಗಳು ಹಿಟ್ಟು ಕೊಡುತ್ತೇವೆ ಎಂದರು, ಕೊಟ್ಟರು. ಒಲೆಯ ಪಕ್ಕ ಬೋರ್ಡು ನೆಟ್ಟರು. ಬೋರ್ಡಿನ ತುಂಬ ಸಂಸ್ಥೆಯ ಹೆಸರು. ತಿಥಂಡಿಝಾನೆ ಎನ್ನುವುದು ಕೆಳಗಿನ ಮೂಲೆಯಲ್ಲಿತ್ತು, ಮೇಕೆ ಅಲ್ಲೇ ಮೈ ಉಜ್ಜಿ ಉಜ್ಜಿ ಅಳಿಸಿಹೋಯಿತು. ಹಿಟ್ಟನ್ನು ಸಂಘದ ಕೈಗೆ ಕೊಡಲಿಲ್ಲ. ನಿಮಗೆ ಇನ್ನೂ ಸಾಮರ್ಥ್ಯ ಬಂದಿಲ್ಲ ಎಂದರು. ಉಗ್ರಾಣದ ಬೀಗ ಅವರದು. ಕೈ ತೊಳೆಯುವುದು ಹೇಗೆ ಎಂದು ತರಬೇತಿ ಕೊಟ್ಟರು. ಊರಿನ ಹೆಣಗಳನ್ನೆಲ್ಲ ತೊಳೆದ ಕೈಗಳನ್ನು ಸಾಲಾಗಿ ಚಾಚಿಸಿ, ಸೋಪು ಹಚ್ಚಿಸಿ, ಫೋಟೊ ತೆಗೆದರು.

"ನಗ್ರಮ್ಮ, ಸ್ವಲ್ಪ ನಗ್ರಿ" ಎಂದರು.

ಈಗ ಈ ಕಟ್ಟಡ, ಭರವಸೆ ಭವನ. ಊರಿಗೆ ಕಟ್ಟಡ ಬೇಕಿರಲಿಲ್ಲ. ಅರ್ಧ ಊರು ಇನ್ನೂ ಪ್ಲಾಸ್ಟಿಕ್ಕಿನ ಕೆಳಗೆ ಮಲಗುತ್ತಿತ್ತು. ಮನೆ ಕಟ್ಟಿಕೊಡಿ, ಇಲ್ಲ ಬಿತ್ತನೆ ಬೀಜ ಕೊಡಿ ಎಂದು ಫಲೆಸಿ ಅಜ್ಜಿ ಸಭೆಯಲ್ಲಿ ಎದ್ದು ನಿಂತು ಕೇಳಿದ್ದಳು. ಮನೆಗೆ ಬಂದ ಹಣ ಬೇರೆ, ಅದು ಮುಗಿಯಿತು, ಇದು ಚೇತರಿಕೆಯ ಹಣ, ಭವನಕ್ಕೇ ಬಂದದ್ದು ಎಂದರು. ಅಜ್ಜಿ ಕೂತಳು.

ಕೆಲಸ ನೋಡಿಕೊಳ್ಳುತ್ತಿದ್ದವನು ಕಚಿಂಗ್ವೆ. ಬ್ಲಾಂಟೈರ್ ಪೇಟೆಯವನು, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಕೆಟ್ಟವನಲ್ಲ. ಹೆಂಗಸರನ್ನು ಅಮ್ಮ ಎಂದೇ ಕರೆಯುತ್ತಿದ್ದ. ಫೋನಿನಲ್ಲಿ ಮಾತ್ರ ಫಲಾನುಭವಿಗಳು ಎನ್ನುತ್ತಿದ್ದ. ಶನಿವಾರ ಕಡಲಾಚೆಯಿಂದ ಹಣ ಕೊಟ್ಟವರು ನೋಡಲು ಬರುವವರಿದ್ದರು. ಗೋಡೆ ಎದೆಮಟ್ಟಕ್ಕೆ ಎದ್ದಿತ್ತು. ಮುಂದಿನ ಭಾಗಕ್ಕಾದರೂ ಗಾರೆ ಆಗಬೇಕು, ಅವರು ಅದರ ಮೇಲೆ ಅಂಗೈ ಒತ್ತಿ ಗುರುತು ಬಿಡುತ್ತಾರೆ ಎಂದು ಕಚಿಂಗ್ವೆ ಗಾರೆಯವನ ಹಿಂದೆ ಬಿದ್ದಿದ್ದ.

ಗಾರೆಗೆ ನುಣುಪು ಮರಳು ಬೇಕು. ಇಲ್ಲಿಯವರೆಗೆ ಪಾಯಕ್ಕೆ, ಇಟ್ಟಿಗೆಯ ನಡುವಿಗೆ, ರಾಶಿಯಿಂದ ಹಾಗೇ ತೆಗೆದು ಕಲಸಿದ್ದರು. ಈಗ ಜರಡಿ ಹಿಡಿಯಬೇಕು. ಅದೂ ಊರಿನ ಪಾಲೇ. ಜರಡಿಯ ಒಂದು ಕಡೆ ನಾಸಿಬೆಕೊ, ಇನ್ನೊಂದು ಕಡೆ ಎಸ್ನಾಟಿ ಹಿಡಿದು ಆಡಿಸುತ್ತಿದ್ದರು. ಫಲೆಸಿ ಅಜ್ಜಿ ಸಲಿಕೆಯಲ್ಲಿ ಮರಳು ಹಾಕುತ್ತಿದ್ದಳು. ಮರಳು ಉದುರಿತು. ಬೆಣಚುಕಲ್ಲು, ಬೇರು, ಒಡೆದ ಮಡಕೆಯ ಚೂರು ಜರಡಿಯಲ್ಲಿ ಉಳಿದವು. ಅವುಗಳ ನಡುವೆ ಒಂದು ಕೆಳದವಡೆ ಉಳಿಯಿತು.

ಚಿಕ್ಕದು. ಮಗುವಿನದು. ಹಲ್ಲುಗಳು ಸಾಲಾಗಿ, ಒಂದೂ ಕೆಡದೆ ಇದ್ದವು.

ಇಬ್ಬರೂ ಜರಡಿ ಆಡಿಸುವುದನ್ನು ನಿಲ್ಲಿಸಿದರು. ಇಬ್ಬರೂ ಬಿಡಲಿಲ್ಲ. ಬಿಟ್ಟರೆ ಅದು ಬೀಳುತ್ತಿತ್ತು.

ನಾಸಿಬೆಕೊಗೆ ನೋಡಿದ ಕೂಡಲೇ ತಿಳಿಯಿತು. ಕೆಸರು ಬಂದ ವಾರವೇ ಅಲಿನಾಫೆಯ ಕೆಳಗಿನ ಮುಂದಿನ ಹಲ್ಲೆರಡು ಬಿದ್ದಿದ್ದವು. ಅಂಬಲಿ ಕುಡಿಯುವಾಗ ಆ ಸಂದಿನಿಂದ ಸೋರಿಸಿಕೊಂಡು ಬೈಸಿಕೊಂಡಿದ್ದಳು. ಇದು ಅವಳಲ್ಲ. ನಾಸಿಬೆಕೊಳ ಎದೆಯಲ್ಲಿ ಏನೋ ಹಗುರಾಯಿತು. ಮರುಗಳಿಗೆಯಲ್ಲೇ, ಇದಾದರೂ ಅವಳಾಗಬಾರದಿತ್ತೇ ಎನಿಸಿತು.

"ನಂದು" ಎಂದಳು ಎಸ್ನಾಟಿ. "ನನ್ನ ಯಾಮಿಕಾನಿ. ನಂದೇ ಇದು."

ಜರಡಿಯನ್ನು ನೆಲಕ್ಕಿಟ್ಟು ಎರಡೂ ಕೈಯಲ್ಲಿ ದವಡೆಯನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಅವಳು ಕೂಗಿದ ಕೂಗಿಗೆ ಏರು ಹತ್ತುತ್ತಿದ್ದವರೂ ಬಕೆಟ್ಟು ಎಸೆದು ಓಡಿ ಬಂದರು. ಬಂದವಳೊಬ್ಬಳು ನೋಡಿ, "ಯಾವ ಬಾಯಲ್ಲಿ ನಿಂದು ಅಂತೀಯೆ? ನನ್ನ ಮಗೀಗೂ ಅದೇ ವಯಸ್ಸು, ಕೊಡೇ ಇಲ್ಲಿ" ಎಂದು ಕೈ ಹಾಕಿದಳು. ಇನ್ನೊಬ್ಬಳು ಕೈ ಹಾಕಲಿಲ್ಲ, "ನಂದಿರಬೌದು, ನಂದೂ ಇರಬೌದು" ಎನ್ನುತ್ತಾ ಅಲ್ಲೇ ಮರಳಿನ ಮೇಲೆ ಕುಸಿದಳು. ಇಬ್ಬರು ಹೆಂಗಸರು ಅಂಗೈಯಗಲದ ಒಂದು ಎಲುಬಿಗೆ ಜಗ್ಗಾಡಿದರು. ಎಸ್ನಾಟಿ ಕಚ್ಚಿದಳು.

ಫಲೆಸಿ ಅಜ್ಜಿ ಸಲಿಕೆ ಎಸೆದು ನಡುವೆ ಬಂದಳು. "ಥೂ, ನಾಯಿಗಳೇನ್ರೇ ನೀವು? ಬಿಡ್ರಿ. ಬಿಡೇ ನೀನು. ಎಸ್ನಾಟೀ, ನೀನೂ ಸಡಿಲ ಮಾಡು, ಒಡೆದು ಹೋಗ್ತದೆ ಮಗ. ಯಾರದಾದರೇನು? ಎಲ್ಲಾರದೂನೂ. ಎಲ್ಲಾರೂ ಅಳ್ರಿ."

ಎಲ್ಲರೂ ಅತ್ತರು.

ಕಚಿಂಗ್ವೆ ಫೋನು ಕಿವಿಗಿಟ್ಟುಕೊಂಡೇ ಬಂದ. ನೋಡಿದ. ಫೋನು ಕೆಳಗಿಳಿಸಿದ, ಟೋಪಿ ತೆಗೆದ. ಸ್ವಲ್ಪ ಹೊತ್ತು ಅವನು ಬರೀ ಮನುಷ್ಯನಾಗಿ ನಿಂತಿದ್ದ. ಆಮೇಲೆ ಶನಿವಾರ ನೆನಪಾಯಿತು.

"ಅಮ್ಮಂದಿರಾ, ನಂಗೂ ತುಂಬಾ ಸಂಕಟ ಆಗ್ತಿದೆ" ಎಂದ. "ಇದಕ್ಕೆ ಒಂದು ಕ್ರಮ ಅಂತ ಇದೆ. ಪೊಲೀಸರಿಗೆ ತಿಳಿಸ್ಬೇಕು, ಎಲ್ಲಾ ಮಾಡೋಣ. ಸದ್ಯಕ್ಕೆ ಒಂದು ಚೀಲದಲ್ಲಿ ಹಾಕಿ ಉಗ್ರಾಣದಲ್ಲಿ ಇಟ್ಟಿರೋಣ. ಅತಿಥಿಗಳು ಬಂದು ಹೋಗ್ಲಿ. ಸೋಮವಾರ ಮರ್ಯಾದೆಯಿಂದ ಮಣ್ಣು ಮಾಡೋಣ. ನಾನೇ ಪಾದ್ರಿಗಳನ್ನ ಕರೆಸ್ತೀನಿ."

ಗಾರೆಯವನ ಆಳು ಒಂದು ಖಾಲಿ ಸಿಮೆಂಟು ಚೀಲವನ್ನು ಕೊಡವಿ ತಂದು ಹಿಡಿದ. ಬೂದಿ ಬಣ್ಣದ ಧೂಳು ಎದ್ದಿತು.

"ಸಿಮೆಂಟ್ ಚೀಲದಾಗಾ?" ಎಂದಳು ಫಲೆಸಿ ಅಜ್ಜಿ.

"ಹೊಸ ಚೀಲ ತರ್ಸೋಣ ಅಜ್ಜಿ."

"ಚೀಲ ಹಳೇದು ಅಂತ ನಾನು ಅಂದ್ನಾ ಸಾರ್?"

ನಾಸಿಬೆಕೊ ಗೋಡೆ ನೋಡುತ್ತಿದ್ದಳು. ಎದೆಮಟ್ಟದ ಗೋಡೆ. ಸಾಲು ಇಟ್ಟಿಗೆ, ನಡುವೆ ಒಣಗಿದ ಕಲಸು, ಮತ್ತೆ ಸಾಲು ಇಟ್ಟಿಗೆ. ಆ ಕಲಸಿನ ಮರಳನ್ನು ಅವಳು ಹೊತ್ತಿದ್ದಳು. ತನ್ನ ಮನೆ ಇದ್ದ ತಾವಿನಿಂದಲೇ ಬಗೆದು ಹೊತ್ತಿದ್ದಳು. ಅಲ್ಲಿ ಮರಳು ಸಡಿಲವಾಗಿತ್ತು, ಬೇಗ ತುಂಬುತ್ತಿತ್ತು. ಒಳ್ಳೆಯ ಜಾಗ ಸಿಕ್ಕಿತು ಎಂದು ಬೇರೆಯವರನ್ನೂ ಕರೆದಿದ್ದಳು.



"ಸಾರ್" ಎಂದಳು. ದನಿ ಅವಳದೇ ಅಲ್ಲ ಎನ್ನುವಂತೆ ಬಂತು. "ಜರಡಿ ಹಿಡಿದಿದ್ದು ಇವತ್ತು. ಅಲ್ವಾ?"

"ಹೌದಮ್ಮ."

"ಆ ಗ್ವಾಡೆಗೆ ಹಾಕಿದ್ನ ಯಾರು ಜರಡಿ ಹಿಡಿದ್ರು?"

ಕಚಿಂಗ್ವೆ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ.

"ನನ್ನ ಮಗಳಿಗೆ ಮುಂದಿನ ಹಲ್ಲಿರಲಿಲ್ಲ. ಇದು ನನ್ನ ಮಗಳಲ್ಲ. ಹಂಗಾದ್ರೆ ನನ್ನ ಮಗಳು ಎಲ್ಲವ್ಳೆ? ಹೇಳಿ ಸಾರ್. ಹಳ್ಳದಾಗವ್ಳಾ? ಈ ರಾಶಿಯಾಗವ್ಳಾ? ಗ್ವಾಡೆಯಾಗೆ ಇಟ್ಟು ಕಟ್ಟಿಬಿಟ್ರಾ? ನಾನೇ ಹೊತ್ತು ತಂದು ಕೊಟ್ನಾ?"

ಹೆಂಗಸರು ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿದರು. ಎಸ್ನಾಟಿಯ ಅಳು ನಿಂತಿತು.

"ಅಮ್ಮ, ಹಾಗೆಲ್ಲ ಯೋಚ್ನೆ ಮಾಡ್ಬಾರ್ದು" ಎಂದ ಕಚಿಂಗ್ವೆ. ಅವನ ದನಿಯೂ ಒಡೆದಿತ್ತು. "ನೋಡಿ, ನಾನು ನಿಮ್ಮ ಮಗನ ಹಾಗೆ. ನನ್ನ ಕೈಯಲ್ಲೇನೂ ಇಲ್ಲ. ಶನಿವಾರ ಇದು ಆಗ್ಲಿಲ್ಲ ಅಂದ್ರೆ ಭವನ ಬೇರೆ ಊರಿಗೆ ಹೋಗುತ್ತೆ. ಭವನ ಹೋದ್ರೆ ಹಿಟ್ಟೂ ಹೋಗುತ್ತೆ. ಎರಡೂ ಒಂದೇ ಯೋಜನೆ. ಮಕ್ಕಳ ಮುಖ ನೋಡಿ. ಸತ್ತವರಿಗೆ ನಾವೇನು ಮಾಡೋಕಾಗುತ್ತೆ? ಇರೋವ್ರನ್ನ ನೋಡ್ಬೇಕಲ್ವಾ?"

ಆ ಮಾತು ನಾಟಿತು. ಫಲೆಸಿ ಅಜ್ಜಿ ನೆಲ ನೋಡಿದಳು. ಶಾಲೆಯ ಬಯಲಿನಲ್ಲಿ ಮಕ್ಕಳು ಆಗಲೇ ಬಟ್ಟಲು ಹಿಡಿದು ಸೇರುತ್ತಿದ್ದವು. ಆ ಮಕ್ಕಳ ಹೊಟ್ಟೆಗಾಗಿಯೇ ಅಜ್ಜಿ ಈ ಮೂರು ವರ್ಷ ಎಲ್ಲವನ್ನೂ ನುಂಗಿದ್ದಳು. ಬೋರ್ಡು ನುಂಗಿದಳು, ಬೀಗ ನುಂಗಿದಳು, ಸೋಪಿನ ಫೋಟೊ ನುಂಗಿದಳು.

"ಅಲಿನಾಫೆಯ ಅವ್ವ" ಎಂದಳು ಅಜ್ಜಿ ಮೆಲ್ಲಗೆ. "ಹಿಟ್ಟು ನಿಂತ್ರೆ ಏನವ್ವ ಮಾಡೋದು? ಬ್ಯಾಸಗೆ ದಾಟಬೇಕಲ್ಲ. ಸೋಮವಾರ ಅಂತಾನಲ್ಲ ಆ ಹುಡ್ಗ..."

"ಹೊರಿ ಅಜ್ಜಿ ಹಂಗಾದ್ರೆ. ನೀವು ಹೊರಿ. ನಾನು ಬೈಯಲ್ಲ." ನಾಸಿಬೆಕೊಳ ಕೆನ್ನೆ ಒದ್ದೆಯಾಗಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ. "ನನ್ನ ಕೈಲಿ ಆಗಲ್ಲ. ಕೆಸರಾಗೆ ಹೂತು ಹೋದ್ಲು, ಸರಿ, ಬೆಟ್ಟ ಮಾಡಿದ್ದು. ಬೆಟ್ಟಕ್ಕೇನು ಕಣ್ಣಿಲ್ಲ. ಈಗ ಸಿಮೆಂಟಿನಾಗೆ ಕಲಸಿ, ಮೇಲೆ ಗಾರೆ ಮೆತ್ತಿ, ಅದರ ಮೇಲೆ ಅವರು ಕೈ ಒತ್ತಿ ಫೋಟೊ ತೆಗೆಸ್ಕೊಳ್ಳೋದಾ? ನನ್ನ ಮಗಳ ಮ್ಯಾಲಾ? ಮುಂದೆ ನಿಂತು ನಾವು ಹಾಡೋದಾ? ನಾನು ಹೊರಲ್ಲ. ಒಂದು ಹಿಡಿನೂ ಹೊರಲ್ಲ."

ಬಕೆಟ್ಟು ಎಳೆದುಕೊಂಡಳು. ರಾಶಿಯ ಮುಂದೆ ಮಂಡಿಯೂರಿದಳು. ಸಲಿಕೆ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಬೊಗಸೆ ಬೊಗಸೆ ಮರಳು ತೆಗೆದು, ಪ್ರತಿ ಬೊಗಸೆಯನ್ನೂ ಬೆರಳಿನಿಂದ ಕೆದಕಿ ನೋಡಿ, ಬಕೆಟ್ಟಿಗೆ ತುಂಬಿದಳು. ಎತ್ತಿಕೊಡಲು ಯಾರನ್ನೂ ಕರೆಯಲಿಲ್ಲ. ತುಂಬಿದ ಬಕೆಟ್ಟನ್ನು ಒಬ್ಬಳೇ ಮಂಡಿಗೆ, ಮಂಡಿಯಿಂದ ಹೆಗಲಿಗೆ, ಹೆಗಲಿಂದ ತಲೆಗೆ ಎಳೆದುಕೊಂಡಳು. ಕತ್ತಿನ ನರ ಉಬ್ಬಿದವು. ಕಾಲು ತತ್ತರಿಸಿತು. ನಿಂತಳು. ಬಂದ ದಾರಿಯಲ್ಲೇ ತಿರುಗಿ ಹಳ್ಳದ ಕಡೆ ನಡೆದಳು.

"ಅಮ್ಮ! ಏನ್ಮಾಡ್ತಿದೀರಾ? ಎಲ್ಲಿಗೆ ಅದು?" ಕಚಿಂಗ್ವೆ ಅಡ್ಡ ಬಂದ.

"ಮನೆಗೆ."

ಅವನು ಸರಿಯಲಿಲ್ಲ. ಅವಳು ನಿಲ್ಲಲಿಲ್ಲ. ತಲೆಯ ಮೇಲೆ ಅಷ್ಟು ಭಾರ ಹೊತ್ತವಳು ಬರುತ್ತಿದ್ದರೆ ಎದುರಿನವನೇ ಸರಿಯಬೇಕು. ಅವನು ಸರಿದ.

ಎಸ್ನಾಟಿ ದವಡೆಯನ್ನು ಚಿಟೆಂಜೆಯ ಮಡಿಲಲ್ಲಿ ಕಟ್ಟಿಕೊಂಡು, ತನ್ನ ಬಕೆಟ್ಟು ತುಂಬಿದಳು. ಅವಳು ಕಚ್ಚಿದ್ದ ಹೆಂಗಸೇ ಅವಳಿಗೆ ಎತ್ತಿಕೊಟ್ಟಳು. ಆಮೇಲೆ ತನ್ನದು ತುಂಬಿದಳು. ಹಿಂದೆ ಇನ್ನೊಬ್ಬಳು. ಬೊಗಸೆಯಲ್ಲಿ ಕೆದಕಿ, ತುಂಬಿ, ಹೊತ್ತು, ಇಳಿದು, ಸುರಿದು, ಮತ್ತೆ ಬಂದರು. ತರುವಾಗ ಏರು, ಒಯ್ಯುವಾಗ ಇಳಿಜಾರು. ಇಳಿಜಾರೇ ಹೆಚ್ಚು ನೋಯಿಸಿತು, ಮೊಣಕಾಲು ಹಿಡಿದವು. ಫಲೆಸಿ ಅಜ್ಜಿ ಬಹಳ ಹೊತ್ತು ನಿಂತೇ ಇದ್ದಳು. ಬಟ್ಟಲು ಹಿಡಿದ ಮಕ್ಕಳನ್ನು ಒಮ್ಮೆ ನೋಡಿದಳು, ಹಳ್ಳವನ್ನು ಒಮ್ಮೆ ನೋಡಿದಳು. ಕೊನೆಗೆ ಗಾರೆಯವನ ಕಡೆ ತಿರುಗಿ, "ಏನಪ್ಪ ನೋಡ್ತಿ? ಈ ಮುದುಕಿಗೆ ಎತ್ತಿಕೊಡು" ಎಂದಳು. ಗಾರೆಯವನು ಕರಣೆ ಕೆಳಗಿಟ್ಟು ಎತ್ತಿಕೊಟ್ಟ.

ರಾಶಿ ಮುಗಿಯುವ ಹೊತ್ತಿಗೆ ಕಚಿಂಗ್ವೆಯ ಕಾರು ಹೋಗಿತ್ತು.

ಮಾರನೆಯ ದಿನ ದವಡೆಯನ್ನು ಊರಿನ ಮಸಣದಲ್ಲಿ ಹೂತರು. ಎಸ್ನಾಟಿ ತನ್ನ ಮೈಮೇಲಿನ ಚಿಟೆಂಜೆಯನ್ನೇ ಹರಿದು ಸುತ್ತಿದಳು. ಮಗು ಸಿಗದ ತಾಯಂದಿರೆಲ್ಲ ಬಂದರು. ಹೆಸರು ಹೇಳಿ ಹೂಳಬೇಕು ಎಂದರು ಪಾದ್ರಿ. ಯಾವ ಹೆಸರು? ಒಬ್ಬೊಬ್ಬಳೂ ಒಂದು ಹಿಡಿ ಮಣ್ಣು ಹಾಕಿ ತನ್ನ ಮಗುವಿನ ಹೆಸರು ಹೇಳಿದಳು. ನಾಸಿಬೆಕೊಳ ಸರದಿ ಬಂದಾಗ ಅವಳು ಮಣ್ಣು ಹಿಡಿದು ನಿಂತಳು. ಇದು ಅವಳ ಮಗಳಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಸರು ಹೇಳಿದರೆ ಹೂತಂತೆ ಆಗುತ್ತಿತ್ತು. ಹೇಳದೆ ಮಣ್ಣು ಹಾಕಿ ಹಿಂದೆ ಸರಿದಳು.

ಶನಿವಾರದ ಅತಿಥಿಗಳು ರಸ್ತೆಯಾಚೆಯ ಊರಿಗೆ ಹೋದರು. ಭವನ ಅಲ್ಲಿ ಎದ್ದಿತು. ನಮಲಿಮಾದವರಿಗೆ ಸಹಕಾರ ಮನೋಭಾವ ಇಲ್ಲ ಎಂದು ಸಂಸ್ಥೆ ತೀರ್ಮಾನಿಸಿತು ಎಂದು ಊರ ಮುಖ್ಯಸ್ಥ ಬಂದು ಹೇಳಿದ. ಬೈದ. ಉಗ್ರಾಣದಲ್ಲಿ ಉಳಿದಿದ್ದ ಹಿಟ್ಟನ್ನು ಕಾರಿನಲ್ಲಿ ಹೇರಿಕೊಂಡು ಹೋದರು. ಬೋರ್ಡನ್ನೂ ಕಿತ್ತು ಒಯ್ದರು.

ಎದೆಮಟ್ಟದ ಗೋಡೆ ಬಯಲಿನಲ್ಲಿ ಹಾಗೇ ನಿಂತಿದೆ. ಒಳ್ಳೆಯ ಸುಟ್ಟ ಇಟ್ಟಿಗೆ. ಊರಿನ ಅರ್ಧ ಜನಕ್ಕೆ ಈಗಲೂ ಗೋಡೆಯಿಲ್ಲ, ಗಾಳಿ ಬೀಸಿದರೆ ಪ್ಲಾಸ್ಟಿಕ್ಕು ಪಟಪಟ ಹೊಡೆದುಕೊಳ್ಳುತ್ತದೆ. ಆದರೂ ಅದರಿಂದ ಒಂದು ಇಟ್ಟಿಗೆಯನ್ನು ಯಾರೂ ಕೀಳಲಿಲ್ಲ. ಒಡೆದು ಎಲ್ಲವನ್ನೂ ಮಸಣಕ್ಕೆ ಹೊರೋಣ ಎಂದು ಎಸ್ನಾಟಿ ಹಟ ಹಿಡಿದಾಗ, ಒಂದು ಮಧ್ಯಾಹ್ನ ನಾಸಿಬೆಕೊ ಗುದ್ದಲಿ ಹಿಡಿದು ಹೋದಳು. ಎತ್ತಿದಳು. ಎಲ್ಲಿ ಹೊಡೆಯುವುದು? ಯಾವ ಜಾಗದಲ್ಲಿ ಹೊಡೆದರೆ ನೋಯುವುದಿಲ್ಲ? ಎತ್ತಿದ ಗುದ್ದಲಿಯನ್ನು ಮೆಲ್ಲಗೆ ಇಳಿಸಿ ಮನೆಗೆ ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಅಂಬಲಿ ನಿಲ್ಲಲಿಲ್ಲ. ಹೆಂಗಸರು ತಂತಮ್ಮ ಮನೆಯಿಂದ ತಂದರು. ಒಬ್ಬಳು ಒಂದು ಸೇರು ಜೋಳ, ಒಬ್ಬಳು ಒಣಗಿದ ಮರಗೆಣಸು, ಇನ್ನೊಬ್ಬಳು ಬಟ್ಟೆಯ ತುದಿಯಲ್ಲಿ ಕಟ್ಟಿದ ಒಂದು ಹಿಡಿ ತೊಗರಿ. ಒರಳಿಗೆ ಹಾಕಿ ಸರದಿಯ ಮೇಲೆ ಕುಟ್ಟಿದರು. ಸುಗ್ಗಿ ಇನ್ನೂ ದೂರವಿತ್ತು. ದಿನ ಬಿಟ್ಟು ದಿನ ಒಲೆ ಹಚ್ಚಿದರು. ಸಣ್ಣ ಮಕ್ಕಳು ಕೆಲವು ಸೊರಗಿದವು. ಒಂದು ಮಗುವನ್ನು ಆಸ್ಪತ್ರೆಗೆ ಹೊರಬೇಕಾಯಿತು, ನಾಸಿಬೆಕೊಳೇ ಬೆನ್ನಿಗೆ ಕಟ್ಟಿಕೊಂಡು ಹೊತ್ತಳು. ಅದು ಬದುಕಿತು. ದಾರಿಯುದ್ದಕ್ಕೂ ಅವಳು ಆ ಮಗುವಿಗೆ ಕೇಳುವಂತೆ ತನ್ನನ್ನೇ ಬೈದುಕೊಂಡಳು.

ಮೊನ್ನೆ ಬಡಿಸುವ ಸರದಿ ಅವಳದು. ತಬ್ಬಲಿ ಹುಡುಗಿಯೊಬ್ಬಳು, ಇನ್ನೂ ಶಾಲೆಗೆ ಸೇರದವಳು, ಬಟ್ಟಲನ್ನು ಬಾಯಿಗಿಟ್ಟು ಒಂದು ಗುಟುಕು ಕುಡಿದು ಮುಖ ಎತ್ತಿದಳು.

"ನೀರಾಗೈತೆ ಇದು" ಎಂದಳು.

"ಹೂಂ, ನೀರಾಗೈತೆ" ಎಂದಳು ನಾಸಿಬೆಕೊ. "ಹಿಟ್ಟಿಲ್ಲ ಕಂದ. ನಾನೇ ಬ್ಯಾಡ ಅಂದೆ. ಕುಡಿ."

ಹುಡುಗಿ ಅವಳನ್ನೇ ನೋಡುತ್ತ ಕುಡಿದಳು. ಕೊನೆಯವರೆಗೂ ಕುಡಿದು, ಬೆರಳಿನಲ್ಲಿ ಬಟ್ಟಲ ಒಳಗೆಲ್ಲ ಒರೆಸಿ ನೆಕ್ಕಿ, ಮತ್ತೆ ಮುಂದಕ್ಕೆ ಚಾಚಿದಳು.

ನಾಸಿಬೆಕೊ ಮಡಕೆಯ ತಳ ಕೆರೆಯತೊಡಗಿದಳು.